ಮುಕ್ತಾಯದಿಂದ ಮೊದಲಾಗುವ ಸ್ವರ

ಗಣಕಯಂತ್ರದಿಂದ ಕಲ್ಪನಾಸ್ವರವನ್ನು, ಅಂದರೆ ರಾಗತಾಳಗಳಿಗೆ ಹೊಂದಿಸಿ ಆಶುವಾಗಿ ಹಾಡುವ ಸ್ವರಗುಚ್ಛಗಳನ್ನು, ಹೆಣೆಯಿಸುವ ಹವ್ಯಾಸಿಗಳು ಸಾಮಾನ್ಯವಾಗಿ ಮೊರೆಹೋಗುವುದು ಮಾರ್ಕೋವ್ ಸರಪಣಿಗೆ, ಅಂದರೆ ಈಗಿನ ಸ್ವರವೊಂದನ್ನೇ ನೋಡಿ ಮುಂದಿನದಕ್ಕೆ ಸಂಭವನೀಯತೆಯ ಕೋಷ್ಟಕದಿಂದ ಚೀಟಿಯೆತ್ತುವ ವಿಧಾನಕ್ಕೆ. 1957ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಹಿಲ್ಲರ್ ಮತ್ತು ಐಸಾಕ್ಸನ್ ತಂತಿವಾದ್ಯಗಳ ಚತುಷ್ಕವೊಂದನ್ನು ಯಂತ್ರದಿಂದ ರಚಿಸಿದಾಗ ಕೊನೆಯ ಭಾಗಕ್ಕೆ ಬಳಸಿದ್ದೂ ಇದನ್ನೇ ಆದ್ದರಿಂದ, ಅದಕ್ಕೆ ಹಿರಿತನದ ಗೌರವವುಂಟು. ಆದರೆ ಶ್ರೀರಾಗದ ಮುಂದೆ ಆ ಗೌರವ ನಿಲ್ಲುವುದಿಲ್ಲ. ಸರಿಮಪನಿಸ ಎಂದು ಏರಿ, ಸನಿಪಮರಿಗರಿಸ ಎಂದು ಇಳಿಯುವ ಈ ರಾಗದಲ್ಲಿ ಗಾಂಧಾರಕ್ಕೆ ಅವರೋಹಣದಲ್ಲಷ್ಟೇ ಜಾಗ. ಒಂದೇ ಸ್ವರದ ನೆನಪುಳ್ಳ ಸರಪಣಿಯಾದರೋ ರಿಷಭಕ್ಕೆ ಬಂದಾಗ ತಾನು ಹತ್ತುತ್ತಿದೆಯೋ ಇಳಿಯುತ್ತಿದೆಯೋ ತಿಳಿಯದೆ, ರಿಗರಿಗರಿಗ ಎಂದು ತೊಟ್ಟಿಲು ತೂಗುತ್ತ ಕೂರುತ್ತದೆ.

ನೆನಪನ್ನು ನಾಲ್ಕು ಸ್ವರಗಳಿಗೆ ಹಿಗ್ಗಿಸಿದರೆ ತೊಟ್ಟಿಲು ನಿಂತೀತು, ಮನೆ ಸೇರುವ ಬುದ್ಧಿ ಬಾರದು. ಕಲ್ಪನಾಸ್ವರದ ಸೊಗಸಿರುವುದು ಎಡುಪಿಗೆ, ಎಂದರೆ ಸಾಹಿತ್ಯದ ಸಾಲನ್ನು ತಾಳದಲ್ಲಿ ಎತ್ತಿಕೊಳ್ಳುವ ಸ್ಥಾನಕ್ಕೆ, ಕರಾರುವಾಕ್ಕಾಗಿ ಬಂದು ಸೇರುವುದರಲ್ಲಿ. ಆದುದರಿಂದ ಲೆಕ್ಕವನ್ನು ಹಿಂದಿನಿಂದ ಹಾಕುವುದೇ ಜಾಣತನ. ಆದಿತಾಳದ ಆವರ್ತಕ್ಕೆ 8 ಅಕ್ಷರ, ಅಕ್ಷರಕ್ಕೆ 4 ಮಾತ್ರೆಯಂತೆ 32 ಮಾತ್ರೆ. ಪಮರಿಗರಿ ಎಂಬ ಐದು ಮಾತ್ರೆಯ ಗುಚ್ಛವನ್ನು ಎರಡೆರಡು ಮಾತ್ರೆಯ ಬಿಡುವಿನೊಡನೆ ಮೂರು ಬಾರಿ ಇಟ್ಟರೆ 19 ಮಾತ್ರೆ ತೀರಿ, ಯಂತ್ರದ ಸ್ವೇಚ್ಛೆಗೆ ಉಳಿಯುವುದು 13 ಮಾತ್ರ. ಎಡುಪು ಆವರ್ತದ ಮೊದಲ ಪೆಟ್ಟಾದ ಸಮದಿಂದ ಎರಡು ಮಾತ್ರೆ ಆಚೆಗಿದ್ದರೆ ಅದು 15 ಆಗುತ್ತದೆ. ಮುಕ್ತಾಯ ಮೊದಲೇ ಗೊತ್ತಾಗಿರುವುದರಿಂದ ಆ ಹದಿಮೂರರ ಅಲೆದಾಟಕ್ಕೂ ಒಂದು ಗುರಿ ಒದಗಿ, ಕೊನೆಯ ರಿಷಭ ಸಮದ ಷಡ್ಜಕ್ಕೆ ಜಾರುವಾಗ ಕೈ ತಾನಾಗಿ ತೊಡೆ ತಟ್ಟುತ್ತದೆ.

ಇಷ್ಟು ಕೂಡಿಸುವ ತಾಳ್ಮೆಯಿಲ್ಲದವರು ಸರಪಣಿಯನ್ನು ಬೇಕಾದಷ್ಟು ಓಡಲು ಬಿಟ್ಟು, ಆವರ್ತ ಮುಗಿದಲ್ಲಿ ದರ್ಜಿಯಂತೆ ಕತ್ತರಿ ಹಾಕಿ, ಉಳಿದ ತುಂಡಿಗೆ ಯಂತ್ರದ ಮನೋಧರ್ಮವೆಂದು ಹೆಸರಿಡುತ್ತಾರೆ. ದರ್ಜಿಯಾದರೂ ಅಳತೆ ತೆಗೆದುಕೊಂಡ ಮೇಲೆ ಕತ್ತರಿಸುತ್ತಾನೆ. ಇದನ್ನು ಸೃಜನಶೀಲತೆಯೆಂದು ಕರೆಯುವುದು ಸೋಮಾರಿತನಕ್ಕೆ ಹೊದಿಸಿದ ಶಾಲು.

ಈ ಹಿಮ್ಮುಖ ಗಣಿತ ಹೊಸದೂ ಅಲ್ಲ. 13ನೆಯ ಶತಮಾನದಲ್ಲಿ ದೇವಗಿರಿಯ ಶಾರ್ಙ್ಗದೇವನು 'ಸಂಗೀತರತ್ನಾಕರ'ದಲ್ಲಿ ಏಳು ಸ್ವರಗಳ ಎಲ್ಲ 5040 ಜೋಡಣೆಗಳನ್ನೂ, ಅಂದರೆ ತಾನಗಳನ್ನೂ, ಕ್ರಮವಾಗಿ ಬರೆಯುವ ಪ್ರಸ್ತಾರವನ್ನು ವಿವರಿಸಿ, ಕ್ರಮಸಂಖ್ಯೆ ಹೇಳಿದರೆ ತಾನವನ್ನು ಕಂಡುಹಿಡಿಯುವ 'ನಷ್ಟ' ಎಂಬ ವಿಧಿಯನ್ನೂ ಕೊಟ್ಟಿದ್ದಾನೆ. ಆ ಕ್ರಮದಲ್ಲಿ ಮೊದಲ 720 ತಾನಗಳು ನಿಷಾದದಲ್ಲಿ ಮುಗಿಯುತ್ತವೆ, ಮುಂದಿನ 720 ಧೈವತದಲ್ಲಿ. ಹಾಗಾಗಿ 1000ನೆಯ ತಾನ ಬೇಕೆಂದವನಿಗೆ ಮೊಟ್ಟಮೊದಲು ಕೈಗೆ ಸಿಗುವುದು ಅದರ ಕಟ್ಟಕಡೆಯ ಸ್ವರವಾದ ಧೈವತ, ಆರಂಭದ ಸ್ವರ ಸಿಗುವುದು ಎಲ್ಲಕ್ಕಿಂತ ಕೊನೆಗೆ.