ಮನೆಗೆ ಬಂದ ವಿಶ್ವವಿದ್ಯಾನಿಲಯ

ವಿದ್ಯಾರ್ಥಿಯಾದವನು ಗುರುವನ್ನು ಅರಸಿಕೊಂಡು ಹೋಗತಕ್ಕದ್ದೆಂಬುದು ಭರತಖಂಡದ ಪುರಾತನ ಪದ್ಧತಿ. ಇಂದು ಆ ಕ್ರಮವು ತಿರುಗುಮುರುಗಾಗಿದೆ. ಅಂಗೈಯಗಲದ ಯಂತ್ರವೊಂದರಲ್ಲಿ ಅಧ್ಯಾಪಕನೇ ಮನೆಯ ಪಡಸಾಲೆಗೆ ಬಂದು ಪಾಠ ಹೇಳುತ್ತಾನೆ. ಹೀಗೆ ಓದಿ ಪದವಿಯನ್ನು ಪಡೆಯಬಹುದೆ, ಪಡೆದ ಪದವಿಯು ವಿದ್ಯೆಯಾದೀತೆ ಎಂಬ ಎರಡು ಪ್ರಶ್ನೆಗಳು ಇಲ್ಲಿ ಏಳುತ್ತವೆ. ಇವು ಬೇರೆ ಬೇರೆಯಾದ ಪ್ರಶ್ನೆಗಳು. ಒಂದರ ಉತ್ತರವನ್ನು ಮತ್ತೊಂದಕ್ಕೆ ಹೊಂದಿಸಲು ಹೋದರೆ ವಿವೇಚನೆ ಕೆಡುತ್ತದೆ.

ಮೊದಲನೆಯದಕ್ಕೆ ಉತ್ತರವು ಸುಲಭ. ದೂರದಲ್ಲಿದ್ದು ಓದುವವರಿಗೆ ಪದವಿ ಕೊಡುವುದು ಹೊಸ ಮಾತೇನೂ ಅಲ್ಲ. ಲಂಡನ್ ವಿಶ್ವವಿದ್ಯಾನಿಲಯವು 1858ರಲ್ಲಿಯೇ, ಎಲ್ಲಿ ಓದಿದವರಾದರೂ ತನ್ನ ಪರೀಕ್ಷೆಗೆ ಕುಳಿತುಕೊಳ್ಳಬಹುದೆಂದು ಬಾಗಿಲನ್ನು ತೆರೆಯಿತು. ದೆಹಲಿಯ ವಿಶ್ವವಿದ್ಯಾನಿಲಯದಲ್ಲಿ 1962ರಲ್ಲಿ ಅಂಚೆಯ ಮೂಲಕ ಪಾಠ ಹೇಳುವ ಏರ್ಪಾಡಾಯಿತು. 1985ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವೂ, 1996ರಲ್ಲಿ ಮೈಸೂರಿನಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವೂ ಹುಟ್ಟಿದವು. ಅಂಚೆಯವನು ತರುತ್ತಿದ್ದುದನ್ನು ಈಗ ಅಂತರ್ಜಾಲವು ತರುತ್ತಿದೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2020ರಲ್ಲಿ ಆನ್‌ಲೈನ್ ಪದವಿಗಳಿಗೆ ನಿಯಮಗಳನ್ನು ವಿಧಿಸಿತು. ಮನ್ನಣೆ ಪಡೆದ ಸಂಸ್ಥೆಗಳು ಈ ರೀತಿಯಲ್ಲಿ ಕೊಡುವ ಪದವಿಯು ಕಾಲೇಜಿನಲ್ಲಿ ಕುಳಿತು ಪಡೆದ ಪದವಿಗೆ ಸಮಾನವೆಂದು 2022ರಲ್ಲಿ ಸ್ಪಷ್ಟಪಡಿಸಿತು.

ಇದರ ಪ್ರಯೋಜನವನ್ನು ಅಲ್ಲಗಳೆಯುವವರು ಯಾರಿಗೆ ಪ್ರಯೋಜನವಾಗುವುದೆಂಬುದನ್ನು ನೋಡಲಿ. ಮದುವೆಯಾಗಿ ಓದನ್ನು ಅರ್ಧಕ್ಕೆ ನಿಲ್ಲಿಸಿದ ಹೆಣ್ಣುಮಗಳು, ತಂದೆಯ ಕಾಯಿಲೆಯಿಂದ ಹದಿನೆಂಟಕ್ಕೇ ದುಡಿಮೆಗೆ ಬಿದ್ದ ಹುಡುಗ, ಮೆಟ್ಟಿಲನ್ನು ಹತ್ತಲಾರದ ದೇಹಬಾಧೆಯುಳ್ಳವನು, ಕಾಲೇಜಿಲ್ಲದ ಹಳ್ಳಿಯಲ್ಲಿದ್ದು ಪಟ್ಟಣದ ಹಾಸ್ಟೆಲಿನ ಖರ್ಚನ್ನು ತಾಳಲಾರದ ಬಡ ಒಕ್ಕಲಿನ ಮಗಳು—ಇವರಿಗೆ ಈ ದಾರಿಯಲ್ಲದೆ ಬೇರೆ ದಾರಿಯೇ ಇಲ್ಲ. ಇವರ ಪದವಿಯನ್ನು ಕಂಡು ಮೂಗು ಮುರಿಯುವುದು, ದೋಣಿಯಲ್ಲಿ ಹೊಳೆ ದಾಟಿದವನು ಈಜಿ ದಾಟಿದವನನ್ನು ಹೀಯಾಳಿಸಿದಂತೆ. ಇದಲ್ಲದೆ, ತರಗತಿಯಲ್ಲಿ ಒಮ್ಮೆ ಕೇಳಿ ಮರೆತ ಪಾಠವು ಮರೆತೇ ಹೋಗುತ್ತದೆ. ಇಲ್ಲಿಯಾದರೋ ಅರ್ಥವಾಗದ ಭಾಗವನ್ನು ಹತ್ತು ಸಲ ಕೇಳಬಹುದು, ಹತ್ತನೆಯ ಸಲವೂ ಉಪಾಧ್ಯಾಯನು ರೇಗುವುದಿಲ್ಲ.

ಇನ್ನು ಎರಡನೆಯ ಪ್ರಶ್ನೆ. ವಿದ್ಯೆಯಲ್ಲಿ ಕಾಲುಭಾಗವು ಆಚಾರ್ಯನಿಂದ, ಕಾಲುಭಾಗವು ಸ್ವಬುದ್ಧಿಯಿಂದ, ಕಾಲುಭಾಗವು ಸಹಪಾಠಿಗಳಿಂದ, ಉಳಿದ ಕಾಲುಭಾಗವು ಕಾಲಕ್ರಮದಿಂದ ಬರುತ್ತದೆಂದು ಹಿರಿಯರು ವಿಭಾಗಿಸಿದ್ದಾರೆ. ಯಂತ್ರದ ಪಾಠವನ್ನು ಈ ತಕ್ಕಡಿಯಲ್ಲಿ ತೂಗಿ ನೋಡಬೇಕು. ಆಚಾರ್ಯನ ಮಾತು ಬರುತ್ತದೆ, ಅವನ ಕಣ್ಣು ಬರುವುದಿಲ್ಲ. ಶಿಷ್ಯನ ಮುಖ ಬಾಡಿದ್ದನ್ನು ಕಂಡು, ಹೇಳಿದ್ದನ್ನೇ ಬೇರೊಂದು ಬಗೆಯಲ್ಲಿ ಹೇಳುವ ಉಪಾಯವು ಮೊದಲೇ ಮುದ್ರಿಸಿಟ್ಟ ಪಾಠಕ್ಕೆ ತಿಳಿಯದು. ಸ್ವಬುದ್ಧಿಗೇನೋ ಬೇಕಾದಷ್ಟು ಅವಕಾಶವುಂಟು. ಸಹಪಾಠಿಯ ಪಾಲು ಮಾತ್ರ ಬಹುಮಟ್ಟಿಗೆ ಲೋಪವಾಗುತ್ತದೆ. ಒಬ್ಬನ ಸಂದೇಹವು ಮತ್ತೊಬ್ಬನಿಗೆ ಜ್ಞಾನವಾಗುವುದು, ವಾದದಲ್ಲಿ ಸೋತು ರಾತ್ರಿಯೆಲ್ಲ ಪುಸ್ತಕ ತಿರುವುವುದು, ಬೇರೆ ಜಾತಿ ಬೇರೆ ಊರಿನವನೊಡನೆ ಒಂದೇ ಬೆಂಚಿನಲ್ಲಿ ಕುಳಿತು ಮನಸ್ಸು ಹಿಗ್ಗುವುದು—ಇವು ಯಾವ ಪಠ್ಯಕ್ರಮದಲ್ಲಿಯೂ ಬರೆದಿರುವುದಿಲ್ಲ. ಆದರೂ ಕಾಲೇಜಿನ ಮುಖ್ಯ ಫಲಗಳಿವೇ.

ಕಾಲಕ್ರಮದ ಪಾಲಿನಲ್ಲಿಯೂ ಅಪಾಯವಿದೆ. ಗಂಟೆ ಬಾರಿಸುವವರಿಲ್ಲದೆಡೆ ನಾಳೆ ಎಂಬುದು ಬಹು ಬೇಗ ಬೆಳೆಯುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡಿನ ಅಧ್ಯಾಪಕರು 2011ರಲ್ಲಿ ಕೃತಕ ಬುದ್ಧಿಮತ್ತೆಯ ಪಾಠವನ್ನು ಅಂತರ್ಜಾಲದಲ್ಲಿ ಉಚಿತವಾಗಿ ಹೇಳಿದಾಗ ಹೆಸರು ಬರೆಯಿಸಿದವರು ಸುಮಾರು 1,60,000 ಮಂದಿ. ಕೊನೆ ಮುಟ್ಟಿಸಿದವರು ಇಪ್ಪತ್ತು ಸಾವಿರದ ಆಸುಪಾಸು. ಹಣ ಕೊಟ್ಟು ಪದವಿಗೆ ಓದುವವರ ನಿಷ್ಠೆ ಇದಕ್ಕಿಂತ ಗಟ್ಟಿಯಾಗಿದ್ದೀತು. ಆದರೂ ಎಚ್ಚರಿಕೆಗೆ ಈ ದೃಷ್ಟಾಂತವು ಸಾಕು. ಮತ್ತೆ, ಕೈಯಿಂದ ಕಲಿಯಬೇಕಾದ ವಿದ್ಯೆಗಳು ಕಣ್ಣಿನಿಂದ ಬರುವುವಲ್ಲ. ವೈದ್ಯ, ದಾದಿಯರ ಶಿಕ್ಷಣ, ಎಂಜಿನಿಯರಿಂಗ್ ಮೊದಲಾದವನ್ನು ಆಯೋಗದ 2020ರ ನಿಯಮಗಳು ಈ ಮಾರ್ಗದಿಂದ ಹೊರಗಿರಿಸಿದುದು ಯುಕ್ತವಾಗಿಯೇ ಇದೆ. ಮಲೆನಾಡಿನ ಮಳೆಗಾಲದಲ್ಲಿ ವಿದ್ಯುತ್ತೂ ನೆಟ್‌ವರ್ಕೂ ಕೈಕೊಡುವ ಮನೆಗಳಲ್ಲಂತೂ ಪರೀಕ್ಷೆಯ ದಿನವೇ ಒಂದು ಪರೀಕ್ಷೆ.

ಆದುದರಿಂದ ಈ ಮಾರ್ಗವನ್ನು ಹಿಡಿಯುವವನು ಮೊದಲು ಆ ಸಂಸ್ಥೆಗೂ ಆ ವಿಷಯಕ್ಕೂ ಆಯೋಗದ ಮನ್ನಣೆಯು ಆ ವರ್ಷಕ್ಕೆ ಉಂಟೆ ಎಂದು ವಿಚಾರಿಸಿಕೊಳ್ಳಬೇಕು. ಜಾಹೀರಾತನ್ನು ನಂಬಿ ಹಣ ಕಟ್ಟಿದರೆ ಹಣದೊಡನೆ ಮೂರು ವರ್ಷದ ಆಯುಸ್ಸೂ ಹೋದೀತು. ಬಳಿಕ ದಿನದಲ್ಲಿ ಒಂದು ಹೊತ್ತನ್ನು ಓದಿಗೆಂದು ಮೀಸಲಿಡಬೇಕು. ಮನೆಯವರೂ ಆ ಹೊತ್ತನ್ನು ಗೌರವಿಸಬೇಕು. ಹೆಂಗಸರ ಓದು ಒಲೆಯ ಮುಂದೆ ಸೊರಗದಿರಬೇಕಾದರೆ ಇದು ಅತ್ಯವಶ್ಯಕ. ಊರಿನಲ್ಲಿ ಇಬ್ಬರು ಮೂವರು ಇಂಥ ವಿದ್ಯಾರ್ಥಿಗಳಿದ್ದರೆ ಅವರು ವಾರಕ್ಕೊಮ್ಮೆ ಗ್ರಂಥಾಲಯದಲ್ಲಿ ಸೇರಿ ಚರ್ಚಿಸಲಿ. ಸಹಪಾಠಿಯ ಕಾಲುಭಾಗವನ್ನು ಹೀಗೆ ಕೊಂಚವಾದರೂ ತುಂಬಿಕೊಳ್ಳಬಹುದು. ನಿವೃತ್ತರಾದ ಅಧ್ಯಾಪಕರು ಊರೂರಿನಲ್ಲಿಯೂ ಇದ್ದಾರೆ. ಅವರ ಜಗಲಿಯು ಇಂಥವರಿಗೆ ತೆರೆದಿದ್ದರೆ ಆಚಾರ್ಯನ ಕಣ್ಣೂ ದೊರೆತಂತಾಗುವುದು.

ಪದವಿಯನ್ನು ಕೊಡುವುದು ವಿಶ್ವವಿದ್ಯಾನಿಲಯದ ಕೆಲಸ. ಅದರೊಳಗೆ ವಿದ್ಯೆಯನ್ನು ತುಂಬುವುದು ಓದುವವನ ಮತ್ತು ಅವನ ಸುತ್ತಲಿನ ಸಮಾಜದ ಕೆಲಸ.