ಒಂದೇ ದಿಕ್ಕಿಗೆ ಕೈಚಾಚಿದ ಮರಗಳು

ಜಪಾನಿನ ಕೀ ಪರ್ಯಾಯದ್ವೀಪದ ಬೆಟ್ಟಗಳಲ್ಲಿ ಸಾಗುವ ಕುಮಾನೋ ಕೋದೋ ಯಾತ್ರಾದಾರಿಗಳು 2004ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ಹೆಚ್ಚಿನ ಚಾರಣಿಗರ ಕಣ್ಣು ಹೊಂಗೂ, ನಾಚಿಯ ದೊಡ್ಡ ಗುಡಿಗಳ ಮೇಲೆ. ನಡಿಗೆಯ ರುಚಿ ಹತ್ತಿದವರು ಮಾತ್ರ ದಾರಿಬದಿಯ ‘ಓಜಿ’ ಎಂಬ ಪುಟ್ಟ ಪೂಜಾಸ್ಥಳಗಳಿಗೆ ಸೋಲುತ್ತಾರೆ. ಕೆಲವು ಓಜಿಗಳಲ್ಲಿ ಗುಡಿಯೂ ಇಲ್ಲ. ಒಂದು ಕಲ್ಲು, ಯಾತ್ರಿಕರು ತಾವೇ ಮುದ್ರೆ ಒತ್ತಿಕೊಳ್ಳಲು ಮರದ ಪುಟ್ಟ ಪೆಟ್ಟಿಗೆ, ಅಷ್ಟೇ.

ನೋನಕಾ ಹಳ್ಳಿಯ ತ್ಸುಗಿಜಾಕುರಾ ಓಜಿಯಲ್ಲಿ ಗುಡಿಯಿದೆ. ಆದರೆ ಅದನ್ನು ಯಾರೂ ಮೊದಲು ನೋಡುವುದಿಲ್ಲ. ಕಡಿದಾದ ಮೆಟ್ಟಿಲುಗಳ ಪಕ್ಕ ನಿಂತ ಸುಗಿ (ಜಪಾನಿ ಸೀಡರ್) ಮರಗಳೇ ಕಣ್ಣು ಕಟ್ಟಿಬಿಡುತ್ತವೆ. ದೊಡ್ಡ ಮರವನ್ನು ತಬ್ಬಲು ನಾಲ್ಕೈದು ಜನ ಬೇಕು. ಕೊಂಬೆಗಳೆಲ್ಲ ದಕ್ಷಿಣಕ್ಕೇ ಚಾಚಿವೆ. ನಾಚಿಯ ದೇವರಿಗೆ ಮುಖಮಾಡಿವೆ ಎನ್ನುತ್ತಾರೆ. ಹಿಂದೆ ಗುಡ್ಡ, ಮುಂದೆ ಬಿಸಿಲಿನ ಕಣಿವೆ. ಬೆಳಕಿಗೆ ವಾಲಿವೆ ಎಂದುಕೊಂಡರೂ ದೇವರಿಗೇನೂ ಬೇಸರವಾಗಲಾರದು.

ಈ ಮರಗಳು ಉಳಿದದ್ದು ಜಗಳದಿಂದ. 1906ರಲ್ಲಿ ಮೇಜಿ ಸರ್ಕಾರ ಸಣ್ಣಪುಟ್ಟ ಗುಡಿಗಳನ್ನು ವಿಲೀನಗೊಳಿಸಲು ಹೊರಟಿತು. ಕೆಲವೇ ವರ್ಷಗಳಲ್ಲಿ ಸುಮಾರು 70 ಸಾವಿರ ಗುಡಿಗಳು ಇಲ್ಲವಾದವು. ಗುಡಿ ಹೋದರೆ ಅದರ ದೇವರಕಾಡಿನ ಮರವೂ ಮಾರಾಟಕ್ಕೆ. ನೋನಕಾದಲ್ಲೂ ಕೊಡಲಿ ಬಿತ್ತು. ಆಗ ತಿರುಗಿ ನಿಂತವರು ಮಿನಕತಾ ಕುಮಾಗುಸು. ಲಂಡನ್ನಿನಲ್ಲಿ ವರ್ಷಗಟ್ಟಲೆ ಓದಿ 1900ರಲ್ಲಿ ಮರಳಿದ್ದ ಈ ಪಂಡಿತರಿಗೆ ಲೋಳೆಶಿಲೀಂಧ್ರಗಳ ಹುಚ್ಚು. ಕಾಡು ಹೋದರೆ ಪೂಜೆಯಷ್ಟೇ ಅಲ್ಲ, ಅದರ ನೆರಳಿನ ಪಾಚಿ, ಹುಳು, ಹಕ್ಕಿ ಎಲ್ಲವೂ ಹೋಗುತ್ತವೆಂದು ಪತ್ರಿಕೆಗಳಿಗೆ, ಅಧಿಕಾರಿಗಳಿಗೆ ಬರೆದದ್ದೇ ಬರೆದದ್ದು. 1910ರಲ್ಲಿ ವಿಲೀನದ ಪರವಾಗಿದ್ದ ಅಧಿಕಾರಿಯನ್ನು ಹುಡುಕಿ ಸಭೆಯೊಂದಕ್ಕೆ ನುಗ್ಗಿ ಸೆರೆಗೂ ಹೋದರು. ಸೌಮ್ಯ ಸ್ವಭಾವದವರಂತೂ ಅಲ್ಲ! 1929ರಲ್ಲಿ ಚಕ್ರವರ್ತಿ ಹಿರೋಹಿತೊಗೆ ಲೋಳೆಶಿಲೀಂಧ್ರಗಳ ಮಾದರಿಗಳನ್ನು ಒಪ್ಪಿಸಿದ್ದು ಕ್ಯಾರಮೆಲ್ ಮಿಠಾಯಿಯ ಡಬ್ಬಿಗಳಲ್ಲಿ.

ನೋನಕಾದ ಅನೇಕ ಮರಗಳು ಉರುಳಿದ್ದವು. ಇಂದು ಕಾಣುವ ಬೆರಳೆಣಿಕೆಯವು ಅವರ ಹಟದ ಉಳಿಕೆ.

ಇದು ತಿಳಿದ ಮೇಲೆ ಮೆಟ್ಟಿಲು ಹತ್ತುವ ಬಗೆಯೇ ಬೇರೆ. ಗುಡಿಯ ಮುಂದೆ ನಾಣ್ಯ ಹಾಕಿ, ಎರಡು ಸಲ ಬಾಗಿ, ಎರಡು ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗಿದರೆ ದರ್ಶನ ಮುಗಿಯಿತು. ಮರಗಳ ದರ್ಶನಕ್ಕೆ ಹೆಚ್ಚು ಹೊತ್ತು ಬೇಕು. ಕೆಳಗಿನ ನೋನಕಾ ಚಿಲುಮೆಯ ನೀರು ಜಪಾನಿನ ನೂರು ಉತ್ತಮ ಜಲಗಳ ಪಟ್ಟಿಯಲ್ಲಿದೆ. ಹೋಗುವವರು ಖಾಲಿ ಬಾಟಲಿ ಒಯ್ಯಿರಿ, ಹಳ್ಳಿಯಿಂದ ಹೊರಡುವ ಕೊನೆಯ ಬಸ್ಸಿನ ವೇಳೆ ಮೊದಲೇ ನೋಡಿಕೊಳ್ಳಿ.