ದೀಪದ ಎಣ್ಣೆ

ಯೇಸುಕ್ರಿಸ್ತನು ಮರಳಿ ಬರುವನೆಂಬುದು ಕ್ರೈಸ್ತರ ದೃಢವಾದ ನಂಬಿಕೆ. ಆ ದಿನವನ್ನೂ ಗಳಿಗೆಯನ್ನೂ ಯಾರೂ ಅರಿಯರೆಂದು ಆತನೇ ನುಡಿದುದಾಗಿ ಮತ್ತಾಯನ ಸುವಾರ್ತೆಯು ಹೇಳುತ್ತದೆ. ಹಾಗಾದರೆ ಅರಿಯದ ದಿನಕ್ಕೆ ಸಿದ್ಧನಾಗಿರುವುದು ಹೇಗೆ?

೧೭೮೦ನೆಯ ಇಸವಿ ಮೇ ೧೯ರಂದು ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರಾಂತದಲ್ಲಿ ಹಗಲಿನಲ್ಲಿಯೇ ಕತ್ತಲು ಕವಿಯಿತು. ಕೋಳಿಗಳು ಗೂಡು ಸೇರಿದುವು. ನಡುಹಗಲಿನಲ್ಲಿ ಮನೆಮನೆಯಲ್ಲಿಯೂ ದೀಪ ಹಚ್ಚಬೇಕಾಯಿತು. ಕಾಡುಗಿಚ್ಚಿನ ಹೊಗೆಯೇ ಅದಕ್ಕೆ ಕಾರಣವೆಂದು ಈಗ ತಿಳಿದಿದೆ. ಅಂದಿನ ಅನೇಕರಿಗಾದರೋ ನ್ಯಾಯತೀರ್ಪಿನ ದಿನವೇ ಬಂದಂತೆ ತೋರಿತು. ಹಾರ್ಟ್‌ಫರ್ಡ್ ನಗರದಲ್ಲಿ ನೆರೆದಿದ್ದ ಕನೆಕ್ಟಿಕಟ್ ಶಾಸನಸಭೆಯ ಕೆಳಮನೆಯವರು ಕಲಾಪವನ್ನು ನಿಲ್ಲಿಸಿ ಎದ್ದರು. ಮೇಲ್ಮನೆಯಲ್ಲಿಯೂ ಅದೇ ಸೂಚನೆ ಬರಲು, ಅಬ್ರಹಾಂ ಡೇವನ್‌ಪೋರ್ಟನೆಂಬ ಹಿರಿಯ ಸದಸ್ಯನು ಒಪ್ಪಲಿಲ್ಲ. ಆ ದಿನವು ಬಂದಿಲ್ಲವಾದರೆ ಏಳಲು ಕಾರಣವಿಲ್ಲ. ಬಂದಿದ್ದರೆ ತಾನು ಕರ್ತವ್ಯದಲ್ಲಿ ತೊಡಗಿರುವಂತೆಯೇ ಕಾಣಿಸಿಕೊಳ್ಳಬೇಕೆಂದು ಹೇಳಿ, ಮೇಣದ ಬತ್ತಿಗಳನ್ನು ತರಿಸಬೇಕೆಂದನು.

ಮತ್ತಾಯನ ೨೫ನೆಯ ಅಧ್ಯಾಯದ ದೃಷ್ಟಾಂತವೂ ದೀಪದ ಮಾತನ್ನೇ ಆಡುತ್ತದೆ. ಮದಲಿಂಗನನ್ನು ಎದುರ್ಗೊಳ್ಳಲು ಹೊರಟ ಹತ್ತು ಮಂದಿ ಕನ್ಯೆಯರೂ ತೂಕಡಿಸಿ ನಿದ್ರಿಸಿದರು. ಆದುದರಿಂದ ಜಾಣೆಯರಿಗೂ ಅವಿವೇಕಿಗಳಿಗೂ ಇದ್ದ ಭೇದವು ನಿದ್ರೆಯದಲ್ಲ, ಎಣ್ಣೆಯದು. ಐವರು ಮೊದಲೇ ತಂದಿದ್ದರು. ಉಳಿದ ಐವರು ಮಧ್ಯರಾತ್ರಿಯಲ್ಲಿ ಬೇಡಿದರು, ದೊರೆಯಲಿಲ್ಲ. ಕೊಡದವರು ನಿರ್ದಯರೆಂದು ಮೊದಲಿಗೆ ತೋರಬಹುದು. ಆದರೆ ಒಬ್ಬರ ಶೀಲವನ್ನು ಮತ್ತೊಬ್ಬರಿಗೆ ಎರವಾಗಿ ಕೊಡುವುದು ಸಾಧ್ಯವೆ? ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಫಲವಿಲ್ಲವೆಂದು ನಮ್ಮ ಹಿರಿಯರೂ ಹೇಳುವರು. ಡೇವನ್‌ಪೋರ್ಟನ ಸ್ಥೈರ್ಯವೂ ಆ ಕತ್ತಲೆಯ ಗಳಿಗೆಯಲ್ಲಿ ಹುಟ್ಟಿದುದಾಗಿರಲಾರದು. ಹಿಂದಿನ ಎಷ್ಟೋ ಸಾಮಾನ್ಯ ದಿನಗಳಲ್ಲಿ ಹನಿಹನಿಯಾಗಿ ಕೂಡಿಟ್ಟ ಎಣ್ಣೆಯೇ ಅಂದು ಉರಿದಿರಬೇಕು.